ಭಾನುವಾರದ ಕೈ

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಬೆಣ್ಣೆಕೈ ಎಡಗೆನ್ನೆಯೊಳಗೆ ಒಂದು ಮಾತ್ರೆಯನ್ನೂ ಬಲಗಡೆಯ ಕೆಳಹೊಟ್ಟೆಯಲ್ಲಿ ಅತ್ತೆಯ ಕಿಡ್ನಿಯನ್ನೂ ಇಟ್ಟುಕೊಂಡು ಬೀದಿಗಿಳಿದ. ಮಾತ್ರೆಯನ್ನು ತನ್ನ ಕ್ಷೌರದಂಗಡಿಯ ಪಕ್ಕದ ಮೋರಿಯ ತನಕ ಕರಗದಂತೆ ಸಾಗಿಸಬೇಕು. ಕಿಡ್ನಿಯನ್ನು ಆಯುಸ್ಸು ಮುಗಿಯುವ ತನಕ ಸಾಗಿಸಬೇಕು. ಮೊದಲನೆಯದನ್ನು ಉಗಿದರೆ ಎರಡನೆಯದು ಉಳಿಯುವುದಿಲ್ಲ ಎಂದು ಆಸ್ಪತ್ರೆಯವರು ಅವನಿಗೆ ಚಿತ್ರ ತೋರಿಸಿ, ಪ್ಲಾಸ್ಟಿಕ್ಕಿನ ಕಿಡ್ನಿಯೊಂದನ್ನು ಕೈಗೆ ಕೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರು. ನಿಮ್ಮ ಮೈಗೆ ಇದು ಹೊರಗಿನದು, ಮೈ ಇದನ್ನು ಕಳ್ಳ ಎಂದುಕೊಂಡು ಹೊಡೆಯಲು ಬರುತ್ತದೆ, ಈ ಮಾತ್ರೆ ಮೈಯ ರಟ್ಟೆ ಹಿಡಿದು ನಿಲ್ಲಿಸುತ್ತದೆ, ಹನ್ನೆರಡು ಗಂಟೆಗೊಮ್ಮೆ, ಬದುಕಿರುವ ತನಕ. ಬೆಣ್ಣೆಕೈ ತಲೆಯಾಡಿಸಿದ್ದ. ಕುರ್ಚಿಯಲ್ಲಿ ಕೂತ ಗಿರಾಕಿ ‘ಹಿಂದೆ ಚಿಕ್ಕದು ಮಾಡು, ಮುಂದೆ ಹಾಗೇ ಬಿಡು’ ಎನ್ನುವಾಗ ಕ್ಷೌರಿಕ ಆಡಿಸುವಂಥ ತಲೆ ಅದು. ಕೇಳಿಸಿಕೊಂಡೆ, ಆದರೆ ನನಗೆ ತೋಚಿದ್ದನ್ನೇ ಮಾಡುತ್ತೇನೆ ಎಂದು ಅದರ ಅರ್ಥ.

‘ರೀ, ಮಧ್ಯಾಹ್ನ ಊಟಕ್ಕೆ ಬರ್ತೀರಾ?’ ಬಾಗಿಲಲ್ಲಿ ಹೆಂಡತಿ ಕೇಳಿದ್ದಳು.

‘ಹ್ಞೂ.’

‘ಬರ್ತೀನಿ ಅನ್ನೋ ಹ್ಞೂನಾ, ಸುಮ್ನೆ ಹ್ಞೂನಾ?’

‘ಹ್ಞೂ.’

‘ಅಂಗಡೀಲಿ ಊರಿಗೆಲ್ಲ ಕತೆ ಹೇಳ್ತೀರಿ. ಮನೇಲಿ ಮೂಗಲ್ಲೇ ಸಂಸಾರ ಮಾಡ್ತೀರಿ.’

ಬಾಯಿ ಬಿಟ್ಟರೆ ಮಾತ್ರೆ ಬೀಳುತ್ತಿತ್ತು. ಕೆನ್ನೆಯ ಒಳಗಿನ ಭೂಗೋಳವನ್ನು ಈ ಜಗತ್ತಿನಲ್ಲಿ ಅವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಗಿರಾಕಿಗಳಿಗೆ ‘ಸಾರ್, ನಾಲಿಗೆ ಒತ್ತಿ’ ಎಂದು ಹೇಳಿ ಗುಳಿಬಿದ್ದ ಕೆನ್ನೆಗಳನ್ನು ಒಳಗಿನಿಂದ ಉಬ್ಬಿಸಿ ಬೋಳಿಸಿದವನು ಅವನು. ಕೆಳದವಡೆಯ ಕೊನೆಯ ಹಲ್ಲಿನ ಆಚೆ ಒಂದು ಪುಟ್ಟ ಹೊಂಡವಿರುತ್ತದೆ. ಅಲ್ಲಿ ನೀರೂ ಹೋಗುವುದಿಲ್ಲ, ನಾಲಿಗೆಯೂ ಹೋಗುವುದಿಲ್ಲ. ಹೆಂಡತಿ ಅಂಗೈಗೆ ಮಾತ್ರೆ ಹಾಕಿ, ಲೋಟ ಕೊಟ್ಟು, ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುವುದನ್ನು ಪೊಲೀಸರ ಹಾಗೆ ನೋಡಿಯೇ ಒಳಗೆ ಹೋಗುತ್ತಿದ್ದಳು. ಗಂಟು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಮಾತ್ರೆ ಹೊಂಡದಲ್ಲಿ ಕಾಲು ಚಾಚಿ ಮಲಗಿರುತ್ತಿತ್ತು. ಅಂಗಡಿ ತಲುಪುವ ಹೊತ್ತಿಗೆ ಅದರ ಕವಚ ಅಂಟಂಟಾಗಿ, ಕಹಿ ಕಿವಿಯ ಬುಡದ ತನಕ ಏರಿರುತ್ತಿತ್ತು. ಮೋರಿಯ ಹತ್ತಿರ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ತುಪ್ಪಿಬಿಡುತ್ತಿದ್ದ. ಆ ಮೋರಿಯ ಹೆಗ್ಗಣ ಎಂಟು ತಿಂಗಳಿನಿಂದ ಎಷ್ಟು ಔಷಧಿ ನುಂಗಿದೆಯೆಂದರೆ, ಆನೆಯ ಕಿಡ್ನಿ ಹಾಕಿದರೂ ಅದರ ಮೈಗೆ ಒಗ್ಗುತ್ತದೆ ಎಂದು ಅವನು ಒಮ್ಮೊಮ್ಮೆ ಯೋಚಿಸುತ್ತಿದ್ದ. ಈ ಜೋಕನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಒಳ್ಳೆಯ ಜೋಕೊಂದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅವನಂಥವನಿಗೆ ಮೂತ್ರ ಕಟ್ಟಿದಷ್ಟೇ ಕಷ್ಟ. ಎರಡನ್ನೂ ಅನುಭವಿಸಿದ್ದರಿಂದ ಅವನಿಗೆ ಗೊತ್ತು.

ಅವತ್ತು ಚಪ್ಪಲಿ ಸರಿಮಾಡಿಕೊಂಡು ಎದ್ದು ನಿಂತಾಗ ಆಸ್ಪತ್ರೆಯ ಫೋನು ನೆನಪಾಯಿತು. ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯ ಸಿಸ್ಟರ್ ಫೋನು ಮಾಡಿದ್ದರು. ರಕ್ತದಲ್ಲಿ ಮಾತ್ರೆಯ ಮಟ್ಟ ಒಂದು ಸಲ ಏಣಿ ಹತ್ತುತ್ತದೆ, ಒಂದು ಸಲ ಬಾವಿಗೆ ಬೀಳುತ್ತದೆ, ಈಗ ಕಿಡ್ನಿಯ ನಂಬರೂ ಮೇಲಕ್ಕೆ ಹೋಗಿದೆ, ಸೋಮವಾರ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ. ‘ಡೋಸ್ ಏನಾದ್ರೂ ತಪ್ಪಿಸ್ತಾ ಇದ್ದೀರಾ?’ ಅವನು ‘ಛೇ ಛೇ’ ಅಂದಿದ್ದ. ಎರಡು ಸಲ ಛೇ ಅಂದದ್ದೇ ತಪ್ಪಾಯಿತು ಎಂದು ಆಮೇಲೆ ಅನ್ನಿಸಿತು. ನಿಜ ಹೇಳುವವರು ಒಂದೇ ಸಲ ಅನ್ನುತ್ತಾರೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಶನಿವಾರ ಹೋಗುತ್ತಿತ್ತು, ಭಾನುವಾರ ಹೋಗುತ್ತಿತ್ತು. ಭಾನುವಾರ ಹೋದರೆ ಅವನ ಹತ್ತಿರ ಉಳಿಯುವುದಾದರೂ ಏನು?

ಬೆಣ್ಣೆಕೈ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಡ್ಡಗಳು ಇಟ್ಟ ಹೆಸರು. ಒಮ್ಮೆ ದಪ್ಪ ಮೀಸೆಯ ಪೊಲೀಸಿನವರೊಬ್ಬರು ಕುರ್ಚಿಯಲ್ಲಿ ನಿದ್ದೆಹೋಗಿ, ಎದ್ದು, ‘ಏನಯ್ಯಾ, ಯಾವಾಗ ಶುರು ಮಾಡ್ತೀಯಾ?’ ಎಂದು ರೇಗಿದ್ದರಂತೆ. ಅವನು ಕನ್ನಡಿ ತೋರಿಸಿ, ‘ಮುಗಿದು ಅರ್ಧ ಗಂಟೆ ಆಯ್ತು ಸಾರ್’ ಅಂದಿದ್ದನಂತೆ. ಕ್ಷೌರಿಕರ ಸಂಘದ ವಾರ್ಷಿಕ ಸ್ಪರ್ಧೆಯಲ್ಲಿ ಗಾಳಿ ತುಂಬಿದ ಬಲೂನಿಗೆ ನೊರೆ ಹಚ್ಚಿ ಕತ್ತಿಯಿಂದ ಬೋಳಿಸಬೇಕಿತ್ತು. ಉಳಿದವರ ಬಲೂನುಗಳೆಲ್ಲ ಢಂ ಢಂ ಎಂದು ಹೋದರೆ ಅವನ ಬಲೂನಿಗೆ ಕ್ಷೌರವಾದದ್ದೇ ಗೊತ್ತಾಗಲಿಲ್ಲ, ಮೂರು ದಿನ ಅಂಗಡಿಯ ಬಾಗಿಲಲ್ಲಿ ತೂಗಾಡಿಕೊಂಡಿತ್ತು. ಇದೆಲ್ಲ ಅವನೇ ಹೇಳಿದ್ದು. ಆದರೆ ಕೇಳಿದವರು ನಗುವಾಗಲೂ ತಮ್ಮ ಕೆನ್ನೆ ಮುಟ್ಟಿಕೊಂಡು ತಲೆದೂಗುತ್ತಿದ್ದರು, ಅಂದರೆ ಅರ್ಧವಾದರೂ ನಿಜವಿದ್ದಿರಬೇಕು.

ಆಪರೇಷನ್ ಆಗಿ ಮೂರನೆಯ ತಿಂಗಳು ಅಂಗಡಿಯ ಬಾಗಿಲು ತೆಗೆದ ದಿನ, ಮೊದಲ ಗಿರಾಕಿ ಬೇಕರಿಯವನ ಗದ್ದಕ್ಕೆ ಕತ್ತಿ ತಂದಾಗ, ಕೈ ನಡುಗಿತು. ದೊಡ್ಡ ನಡುಕವಲ್ಲ, ನಿಂತ ಬಸ್ಸಿನ ಕಿಟಕಿ ಗಾಜು ಎಂಜಿನ್ನಿಗೆ ನಡುಗುತ್ತದಲ್ಲ, ಹಾಗೆ. ಮಾತ್ರೆ ನುಂಗಿ ಒಂದೆರಡು ಗಂಟೆಗೆ ಸರಿಯಾಗಿ ಶುರುವಾಗುತ್ತಿತ್ತು. ಅಂಗಡಿಯಲ್ಲಿ ಎದುರಿಗೊಂದು ಕನ್ನಡಿ, ಹಿಂದೊಂದು ಕನ್ನಡಿ. ಒಂದರೊಳಗೊಂದು ಒಂದರೊಳಗೊಂದು ನೂರು ಬೆಣ್ಣೆಕೈಗಳು ಸಾಲಾಗಿ ನಿಂತು ಒಟ್ಟಿಗೇ ನಡುಗಿದರು. ಬೇಕರಿಯವನು ಒಂದು ಕಣ್ಣು ತೆರೆದ. ಇಷ್ಟು ವರ್ಷದಲ್ಲಿ ಅವನ ಕುರ್ಚಿಯಲ್ಲಿ ಕತ್ತಿ ಕೊರಳ ಮೇಲಿದ್ದಾಗ ಕಣ್ಣು ತೆರೆದವರು ಯಾರೂ ಇರಲಿಲ್ಲ. ‘ಏನೂ ಇಲ್ಲ, ಚಳಿ’ ಅಂದ ಬೆಣ್ಣೆಕೈ. ಇಬ್ಬರೂ ಫ್ಯಾನಿನ ಕೆಳಗೆ ಬೆವರುತ್ತಿದ್ದರು. ಮುಂದಿನ ವಾರ ಬೇಕರಿಯವನು ನುಣ್ಣಗೆ ಬೋಳಿಸಿದ ಮುಖದಲ್ಲಿ ಬಂದು ‘ಬರೀ ಕಟಿಂಗ್ ಸಾಕು’ ಅಂದ. ಅದನ್ನು ನೋಡಿ ಬೆಣ್ಣೆಕೈಗೆ ಸ್ವಂತ ಮನೆಯವರೇ ಪಕ್ಕದ ಮನೆಯಲ್ಲಿ ಉಂಡು, ಕೈ ತೊಳೆದು, ಬಾಯಿ ಒರೆಸಿಕೊಂಡು ಬಂದಂತಾಯಿತು. ಆ ಗಲ್ಲದ ಕೆಳಗೆ ತಪ್ಪಿಹೋಗಿದ್ದ ಐದಾರು ಕೂದಲನ್ನು ಅವನು ತುಂಬ ಹೊತ್ತು ನೋಡಿದ. ಕಟಿಂಗ್ ಮಾಡಿ ಕಳಿಸಿದ.

ಅದಾದ ಮೇಲೊಂದು ಶನಿವಾರ ಸಂಜೆ ನೆಂಟರ ಗಲಾಟೆಯಲ್ಲಿ ಮಾತ್ರೆ ನಿಜವಾಗಿಯೂ ಮರೆತು, ಭಾನುವಾರ ಬೆಳಿಗ್ಗೆಯೂ ತಡವಾಗಿ, ಅಂಗಡಿಗೆ ಓಡಿ ಕತ್ತಿ ಹಿಡಿದರೆ, ಕೈ ಕಲ್ಲಿನ ಹಾಗೆ ನಿಂತಿತು. ಹನ್ನೊಂದು ಗಡ್ಡ. ಒಂದು ಗೀರಿಲ್ಲ. ಅವತ್ತು ಅವನು ಶಿಳ್ಳೆ ಹೊಡೆದುಕೊಂಡು ಮನೆಗೆ ಬಂದ. ಅವತ್ತಿನಿಂದ ಶನಿವಾರ ಸಂಜೆಯದೊಂದು, ಭಾನುವಾರ ಬೆಳಿಗ್ಗೆಯದೊಂದು, ಎರಡು ಮಾತ್ರ. ಸೋಮವಾರದಿಂದ ಪಕ್ಕಾ ರೋಗಿ. ಇದು ಕ್ಷೌರಿಕನಿಗೆ ಮಾತ್ರ ಹೊಳೆಯುವ ಲೆಕ್ಕಾಚಾರ. ಅವನ ಕಸುಬಿನಲ್ಲಿ ಕತ್ತರಿಸಿದ್ದೆಲ್ಲ ಮತ್ತೆ ಬೆಳೆಯುತ್ತದೆ. ತಲೆ ಕೆಟ್ಟರೂ ಹದಿನೈದು ದಿನ, ಮೀಸೆ ಕೆಟ್ಟರೂ ಒಂದು ತಿಂಗಳು. ‘ಬೆಳೆಯುತ್ತೆ ಬಿಡಿ ಸಾರ್’ ಎಂದು ಹೇಳಿ ಹೇಳಿ ನಾಲಿಗೆ ಹಾಗೇ ಹೊರಳಿಬಿಟ್ಟಿತ್ತು. ಎರಡು ಮಾತ್ರೆ ತಪ್ಪಿದರೆ ಏನಾಯಿತು, ವಾರದ ಉಳಿದ ದಿನಗಳಲ್ಲಿ ಬೆಳೆಯುತ್ತದೆ ಎಂದುಕೊಂಡಿದ್ದ. ಕಿಡ್ನಿ ಗಡ್ಡವಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿರುವುದನ್ನೆಲ್ಲ ಮಾಡುವ ಹಾಗಿದ್ದರೆ ಊರಿನ ಅರ್ಧ ಜನ ಅವನ ಅಂಗಡಿಗೆ ಬಂದು ಗುಟ್ಟು ಹೇಳಿಕೊಳ್ಳುತ್ತಲೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಮನಸ್ಸಿನ ವಿಷಯ ಮಾತಾಡಲೆಂದೇ ಒಬ್ಬ ಹುಡುಗಿ ಇದ್ದಳು. ಸಣ್ಣ ಕೋಣೆ, ಎರಡು ಕುರ್ಚಿ, ಅಳುವವರಿಗೆಂದು ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ. ‘ಬೇಜಾರು ಏನಾದ್ರೂ ಆಗುತ್ತಾ? ನಿದ್ದೆ ಬರುತ್ತಾ? ಕಳೆದ ತಿಂಗಳು ಎಷ್ಟು ಸಲ ಮಾತ್ರೆ ತಪ್ಪಿದೆ?’ ಬೆಣ್ಣೆಕೈ ಪೊಲೀಸಿನವರ ಕತೆ ಹೇಳಿದ, ಬಲೂನಿನ ಕತೆ ಹೇಳಿದ, ಬೋಳುತಲೆಯವರೊಬ್ಬರು ಪ್ರತಿ ತಿಂಗಳು ಬಂದು ಕೂತು ಬರೀ ಕತ್ತರಿಯ ಸದ್ದು ಕೇಳಿಸಿಕೊಂಡು ಹೋಗುತ್ತಾರೆ ಅನ್ನುವ ಕತೆ ಹೇಳಿದ. ಹುಡುಗಿ ನಕ್ಕು ನಕ್ಕು ಆ ಕರವಸ್ತ್ರವನ್ನು ತಾನೇ ಬಳಸಬೇಕಾಯಿತು. ಕಾಗದದಲ್ಲಿ ‘ರೋಗಿ ಲವಲವಿಕೆಯಿಂದಿದ್ದಾರೆ’ ಎಂದು ಬರೆದಳು. ಅವನು ಹೊರಗೆ ಬಂದು ಆಸ್ಪತ್ರೆಯ ಪಾಯಿಖಾನೆಯಲ್ಲಿ ಮುಚ್ಚಳ ಹಾಕಿ ಅದರ ಮೇಲೆ ಕಾಲು ಗಂಟೆ ಸುಮ್ಮನೆ ಕೂತಿದ್ದ. ಯಾಕೆಂದು ಈಗಲೂ ಗೊತ್ತಿಲ್ಲ. ಎರಡು ಸಲ ಯಾರೋ ಬಾಗಿಲು ತಟ್ಟಿದರು. ಎರಡು ಸಲವೂ ಮೂಗಿನಲ್ಲೇ ‘ಹ್ಞೂ’ ಅಂದ.

ಇಷ್ಟಕ್ಕೂ ಕಿಡ್ನಿ ಅತ್ತೆಯದಾಗಬೇಕಿರಲಿಲ್ಲ. ಅಣ್ಣನ ರಕ್ತ ಹೊಂದಲಿಲ್ಲ, ತಮ್ಮನಿಗೆ ಸಕ್ಕರೆ ಕಾಯಿಲೆ, ಹೆಂಡತಿಗೆ ಬಿ.ಪಿ. ವಾರಕ್ಕೆ ಮೂರು ಸಲ ರಕ್ತ ಸೋಸುವ ಯಂತ್ರದ ಪಕ್ಕ ಮಲಗಿ ಅವನು ಒಣಗಿದ ಸೋಪಿನ ತುಂಡಿನ ಹಾಗಾಗಿದ್ದಾಗ, ಮದುವೆಯಾದಂದಿನಿಂದ ಅವನ ಜೊತೆ ಹಿಡಿ ಮಾತೂ ಆಡದ ಅತ್ತೆ, ‘ನಂದು ನೋಡಿ’ ಎಂದರು. ನೋಡಿದರೆ, ಅರವತ್ತೊಂದು ವರ್ಷದ ಅವರ ಕಿಡ್ನಿ ಕಾಲೇಜಿಗೆ ಹೋಗುವ ಹುಡುಗಿಯದರ ಹಾಗಿತ್ತು. ಒಪ್ಪಿಗೆಯ ಸಮಿತಿಯಲ್ಲಿ ಕೋಟು ಹಾಕಿದ ಐದು ಜನ ಸಾಲಾಗಿ ಕೂತು ಕೇಳಿದ್ದರು. ‘ಅಮ್ಮ, ನಿಮ್ಮನ್ನ ಯಾರಾದ್ರೂ ಬಲವಂತ ಮಾಡಿದ್ದಾರಾ?’

‘ನನ್ನನ್ನ ಬಲವಂತ ಮಾಡೋ ಗಂಡಸು ಇನ್ನೂ ಹುಟ್ಟಿಲ್ಲ. ನಮ್ಮ ಯಜಮಾನ್ರು ಮೂವತ್ತು ವರ್ಷ ಪ್ರಯತ್ನಪಟ್ಟು ತೀರ್ಕೊಂಡ್ರು.’

‘ಮತ್ತೆ ಅಳಿಯನಿಗೆ ಯಾಕೆ ಕೊಡ್ತೀರಿ?’

‘ಇವರು ಹೋದ್ರೆ ಮಗಳು ಬರೋದು ನನ್ನ ಮನೆಗೆ. ಅವಳ ಬಾಯಿ ಜೊತೆ ಬದುಕೋದಕ್ಕಿಂತ ಒಂದು ಕಿಡ್ನಿ ಕಮ್ಮಿ ಇಟ್ಕೊಂಡು ಬದುಕೋದು ವಾಸಿ.’

ಸಮಿತಿ ಆ ಕ್ಷಣವೇ ರುಜು ಹಾಕಿತು. ಆಪರೇಷನ್ನಿನ ತನಕ ಅತ್ತೆ ಅವನನ್ನು ‘ಅಳಿಯಂದ್ರೇ, ನೀವು’ ಎನ್ನುತ್ತಿದ್ದರು. ಆಪರೇಷನ್ ಆದ ನಾಲ್ಕನೆಯ ದಿನ, ಸೊಂಟ ಹಿಡಿದುಕೊಂಡು ಅವನ ವಾರ್ಡಿಗೆ ಬಂದು, ಮಂಚದ ಕೆಳಗೆ ತೂಗಿದ್ದ ಮೂತ್ರದ ಚೀಲವನ್ನು ಬಗ್ಗಿ ನೋಡಿ, ‘ಎಷ್ಟು ಹೋಗಿದ್ದೀಯಾ?’ ಎಂದರು. ಅಲ್ಲಿಗೆ ‘ನೀವು’ ಮುಗಿಯಿತು. ತಮ್ಮ ವಸ್ತು ಎಲ್ಲಿದೆಯೋ ತಾವೂ ಅಲ್ಲೇ ಎಂದು ಟ್ರಂಕು ತಂದು ಮಗಳ ಮನೆಯಲ್ಲೇ ಉಳಿದರು. ದಿನಾ ಬೆಳಿಗ್ಗೆ ಅವನು ಬಚ್ಚಲಿನಿಂದ ಹೊರಬಂದಾಗ ‘ಚೆನ್ನಾಗಿ ಆಯ್ತಾ?’ ಎಂದು ವಿಚಾರಿಸುವರು. ನಲವತ್ತಾರು ವರ್ಷದ ಗಂಡಸು, ಊರಿನ ದೊಡ್ಡ ದೊಡ್ಡ ಮನುಷ್ಯರ ಮೂಗು ಹಿಡಿದು ಮುಖ ತಿರುಗಿಸಿದವನು, ಟವೆಲು ಹಿಡಿದುಕೊಂಡು ‘ಆಯ್ತು ಅತ್ತೆ’ ಎಂದು ವರದಿ ಒಪ್ಪಿಸಬೇಕು. ಕೆಲವು ಸಲ ಅವನಿಗೆ ತನ್ನ ಕೆಳಹೊಟ್ಟೆಯಲ್ಲಿ ಕೂತು ಅತ್ತೆಯೇ ನೀರು ಸೋಸುತ್ತಿದ್ದಾರೆ, ಸೋಸುತ್ತಾ ಗೊಣಗುತ್ತಿದ್ದಾರೆ ಅನ್ನಿಸುತ್ತಿತ್ತು. ಭಾನುವಾರ ಮಾತ್ರ ಅಲ್ಲಿ ನಿಶ್ಶಬ್ದ. ಭಾನುವಾರ ಅವನ ಮೈಯೊಳಗೆ ಅವನೊಬ್ಬನೇ.

ಹತ್ತೂವರೆಯ ಹೊತ್ತಿಗೆ ಕುರ್ಚಿಯಲ್ಲಿ ಕೋರ್ಟು ಗುಮಾಸ್ತರು ಕೂತಿದ್ದರು. ಬೆಂಚಿನ ಮೇಲೆ ನಿವೃತ್ತ ಬಸ್ ಡ್ರೈವರ್ ಪೇಪರು ಹಿಡಿದು ತಮ್ಮ ಸರದಿ ಕಾಯುತ್ತಿದ್ದರು. ಗುಮಾಸ್ತರ ಎಡಗೆನ್ನೆ ಮುಗಿದು ಗಾಜಿನ ಹಾಗೆ ಹೊಳೆಯುತ್ತಿತ್ತು. ಬಲಗೆನ್ನೆಯ ಮೇಲೆ ನೊರೆ ಕೂತಿತ್ತು. ಕೈ ಎಷ್ಟು ನಿಶ್ಚಲವಾಗಿತ್ತೆಂದರೆ ನೊಣ ಬಂದು ಬೆರಳ ಮೇಲೆ ಕೂತು ಸಂಸಾರ ಹೂಡಬಹುದಿತ್ತು. ಆದರೂ ಅವತ್ತು ಬೆಣ್ಣೆಕೈಯ ಬಾಯಿಂದ ಕತೆ ಹೊರಡಲಿಲ್ಲ. ಸೋಮವಾರ, ನಂಬರು, ಮನೆಯವರನ್ನೂ ಕರೆದುಕೊಂಡು ಬನ್ನಿ. ಕತ್ತಿ ಗುಮಾಸ್ತರ ಕೆನ್ನೆಯಲ್ಲಿ ಇಳಿಯುತ್ತಿದ್ದರೆ ಮನಸ್ಸು ಮತ್ತೆ ಯಂತ್ರದ ಪಕ್ಕ ಮಲಗಿ ಮೇಲಿನ ಟ್ಯೂಬ್‌ಲೈಟು ಎಣಿಸುತ್ತಿತ್ತು.

‘ಯಾಕಯ್ಯಾ, ಇವತ್ತು ರೇಡಿಯೋ ಬಂದ್?’ ಅಂದರು ಡ್ರೈವರು.

ಅಷ್ಟರಲ್ಲಿ ಬಾಗಿಲ ಪರದೆ ಸರಿಯಿತು. ಅತ್ತೆ.

ಅಂಗಡಿ ತೆರೆದಂದಿನಿಂದ ಒಳಗೆ ಒಬ್ಬ ಹೆಂಗಸೂ ಕಾಲಿಟ್ಟಿರಲಿಲ್ಲ. ಡ್ರೈವರು ಪೇಪರು ಮಡಚಿ, ಯಾಕೋ ಎದ್ದು ನಿಂತರು. ಅತ್ತೆ ಕನ್ನಡಿ, ಕತ್ತರಿ, ನೆಲದ ಮೇಲಿನ ಕೂದಲು, ಎಲ್ಲವನ್ನೂ ಒಮ್ಮೆ ತಪಾಸಣೆ ಮಾಡಿ, ಚೀಲ ಬಗಲಲ್ಲಿ ಒತ್ತಿಕೊಂಡು ಕುರ್ಚಿಯ ಹತ್ತಿರ ಬಂದರು.

‘ಸ್ವಲ್ಪ ಏಳ್ತೀರಾ?’

‘ಅಮ್ಮಾ, ನಂದು ಅರ್ಧ...’ ಗುಮಾಸ್ತರು ನೊರೆಯ ಕಡೆಯಿಂದ ಹೇಳಿದರು.

‘ಅರ್ಧ ಆಗಿದೆಯಲ್ಲ. ನಂದು ಇನ್ನೂ ಶುರುನೇ ಆಗಿಲ್ಲ. ಏಳಿ.’

ಗುಮಾಸ್ತರು ಎದ್ದರು. ಕೋರ್ಟಿನಲ್ಲಿ ಜಡ್ಜು ಒಳಗೆ ಬಂದಾಗಲೂ ಅಷ್ಟು ಬೇಗ ಎದ್ದಿರಲಾರರು. ಅತ್ತೆ ಕುರ್ಚಿಯಲ್ಲಿ ಕೂತು, ಕತ್ತು ಹಿಂದಕ್ಕೆ ಚೆಲ್ಲಿ, ಗದ್ದ ಮೇಲೆತ್ತಿದರು. ಅಲ್ಲಿ, ಕೆಳದುಟಿಯ ಕೆಳಗೆ, ದಪ್ಪನೆಯ ಬಿಳಿಕೂದಲು ನಾಲ್ಕು ಇದ್ದವು.

‘ತೆಗಿ. ಎಷ್ಟು ವರ್ಷದಿಂದ ಸೆರಗಲ್ಲಿ ಮುಚ್ಕೊಂಡು ಓಡಾಡೋದು?’

‘ಅತ್ತೆ, ಇಲ್ಲಿ... ಇವ್ರೆಲ್ಲ...’

‘ಇವ್ರೂ ಗಡ್ಡ ತೆಗೆಸ್ಕೊಳ್ಳೋಕೆ ತಾನೆ ಬಂದಿರೋದು? ನಾನೇನು ಬೇರೆ ಕೆಲಸಕ್ಕೆ ಬಂದಿಲ್ಲ. ತೆಗಿ.’

ಬೇರೆ ದಾರಿ ಕಾಣದೆ ಅವನು ಹೊಸ ಬ್ಲೇಡು ಹಾಕಿದ, ಬ್ರಷ್ಷಿನ ತುದಿಯಿಂದ ಒಂದು ಚಿಟಿಕೆ ನೊರೆ ಇಟ್ಟ, ಎಡಗೈಯ ಎರಡು ಬೆರಳಿಂದ ಗದ್ದದ ಚರ್ಮ ಬಿಗಿಹಿಡಿದ. ಮುದುಕಿಯ ಚರ್ಮ ಬೆರಳಿನಡಿ ಹಳೇ ಕಾಗದದಷ್ಟು ತೆಳ್ಳಗಿತ್ತು. ಕತ್ತಿಯನ್ನು ತಂದು ಕೂದಲಿನ ಬುಡಕ್ಕೆ ಇಟ್ಟ. ಅತ್ತೆ ಕಣ್ಣು ಮುಚ್ಚಿರಲಿಲ್ಲ. ಅವರು ಕನ್ನಡಿ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿರಲಿಲ್ಲ; ಕೆಳಗಣ್ಣಿನಿಂದ ಅವನ ಕೈಯನ್ನೇ ನೋಡುತ್ತಿದ್ದರು.

‘ನಡುಗ್ತಾನೇ ಇಲ್ಲ’ ಅಂದರು.

ಡ್ರೈವರು ಅಭಿಮಾನದಿಂದ, ‘ಬೆಣ್ಣೆಕೈ ಅಂದ್ರೆ ಸುಮ್ನೆನಾ ಅಮ್ಮಾ!’ ಎಂದರು.

‘ಸುಮ್ನೆ ಅಲ್ಲ’ ಅತ್ತೆ ಗದ್ದ ಅಲ್ಲಾಡಿಸದೆ ಹೇಳಿದರು. ‘ಸೋಮವಾರದಿಂದ ಶನಿವಾರದ ತನಕ ಇವನು ಟೀ ಕುಡಿದ್ರೆ ಕಪ್ಪು ಬಸಿ ಟಕಟಕ ಅಂತ ಅಡಿಗೆಮನೆಗೂ ಕೇಳುತ್ತೆ. ನಮ್ಮನೇಲಿ ಗಡಿಯಾರನೇ ಬೇಡ. ಭಾನುವಾರ ಮಾತ್ರ ಬಸಿಗೆ ಜೀವನೇ ಇರಲ್ಲ. ಎಷ್ಟು ವಾರದಿಂದ ಕೇಳಿಸ್ಕೊಳ್ತಾ ಇದ್ದೀನಿ ಗೊತ್ತಾ? ರಜಾದಿನ ಅಂತ ಕಾಯಿಲೆಗೂ ಗೊತ್ತಾಗುತ್ತೇನೋ ಅಂದ್ಕೊಂಡೆ.’

ಕತ್ತಿ ಕೂದಲಿನ ಬುಡದಲ್ಲೇ ನಿಂತಿತು. ಜೀವಮಾನವೆಲ್ಲ ಹೆಮ್ಮೆಪಟ್ಟುಕೊಂಡ ಕೈ ಅದು. ಈಗ ಮೂರು ಜನರ ಎದುರು, ಕನ್ನಡಿಯ ಎದುರು, ಕದ್ದ ಮಾಲನ್ನು ಎತ್ತಿ ಹಿಡಿದಂತೆ ನಿಶ್ಚಲವಾಗಿ ನಿಂತಿತ್ತು. ಒಮ್ಮೆಯಾದರೂ ನಡುಗು ಎಂದು ಅವನು ಅದಕ್ಕೆ ಒಳಗೊಳಗೇ ಅಂಗಲಾಚಿದ. ನಡುಗಿಸಲು ಪ್ರಯತ್ನವನ್ನೂ ಮಾಡಿದ. ಅದು ಎಷ್ಟು ಸುಳ್ಳಾಗಿ ಕಂಡಿತೆಂದರೆ ಗುಮಾಸ್ತರೇ ಮುಖ ತಿರುಗಿಸಿದರು.

‘ಯಾಕೋ?’ ಎಂದರು ಅತ್ತೆ. ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಆ ಒಂದು ಮೆತ್ತಗಿನ ಮಾತು ಕಪಾಳಕ್ಕೆ ಬಿಟ್ಟಂತಾಯಿತು.

‘ಮಾತ್ರೆ ತಗೊಂಡ್ರೆ ಕೈ ಹೋಗುತ್ತೆ ಅತ್ತೆ. ಕೈ ಹೋದ್ರೆ ನಾನ್ಯಾರು? ಆರು ದಿನ ರೋಗಿ. ಹೆಂಡ್ತಿ ನುಂಗಿಸಿದ್ದು ನುಂಗ್ತೀನಿ, ನೀವು ಕೇಳಿದಾಗೆಲ್ಲ ಉಚ್ಚೆ ಲೆಕ್ಕ ಒಪ್ಪಿಸ್ತೀನಿ. ಭಾನುವಾರ ಒಂದು ದಿನ...’ ಕತ್ತಿಯನ್ನು ಕನ್ನಡಿಯ ಮುಂದೆ ಇಟ್ಟ. ‘ಭಾನುವಾರ ಒಂದು ದಿನ ನಾನು ನಾನಾಗಿರ್ತೀನಿ. ತಪ್ಪು ಅಂತ ಗೊತ್ತು. ನಂಬರು ಏರಿದೆ. ನಾಳೆ ಬರೋಕೆ ಹೇಳಿದ್ದಾರೆ. ನಿಮ್ಮ ವಸ್ತು, ನಾನು ಹಾಳು ಮಾಡಿದೆ.’

ನೊರೆ ಗದ್ದದಿಂದ ಕೊರಳಿಗೆ ಇಳಿಯಿತು.

‘ಬೆಣ್ಣೆಕೈ ಅಂತ ನೋಡಿ ಮಗಳನ್ನ ಕೊಟ್ಟೆ ಅನ್ಕೊಂಡಿದ್ದೀಯಾ? ನಾನೇನು ಗಡ್ಡ ಬಿಟ್ಟವಳಾ?’ ಹಾಗೆಂದವರು ನಾಲ್ಕು ಕೂದಲು ನೆನಪಾಗಿ ಒಂದು ಕ್ಷಣ ತಡೆದರು. ‘ಹೆಣ್ಣು ನೋಡೋಕೆ ಬಂದಾಗ ಕೂತಲ್ಲಿಂದ ಏಳದೆ ಎರಡು ಗಂಟೆ ಮಾತಾಡಿದೆ. ಒಂದೂ ನಿಜ ಅಲ್ಲ. ನಮ್ಮ ಮನೆ ಹೆಣದ ಮನೆ ಥರ ಇತ್ತು, ಯಜಮಾನ್ರು ಬಾಯೇ ಬಿಡ್ತಿರ್ಲಿಲ್ಲ. ಇವನು ಬಂದ್ರೆ ಮಗಳ ಮನೇಲಿ ಸದ್ದಾದ್ರೂ ಇರುತ್ತೆ ಅಂತ ಕೊಟ್ಟೆ. ಕಿಡ್ನಿನೂ ಅದಕ್ಕೇ ಕೊಟ್ಟಿದ್ದು. ಈಗ ನೋಡಿದ್ರೆ ಹ್ಞೂ ಅಂತೆ, ಹ್ಞೂ! ಹ್ಞೂ ಅನ್ನೋಕೆ ನನ್ನ ಕಿಡ್ನಿ ಬೇಕಾ ನಿಂಗೆ?’

ಡ್ರೈವರು ಪಕ್ಕನೆ ನಕ್ಕು, ಕೂಡಲೇ ಕೆಮ್ಮಿದಂತೆ ಮಾಡಿದರು. ಅತ್ತೆ ಚೀಲದಿಂದ ವಾರದ ಏಳು ಮನೆಗಳ ಮಾತ್ರೆ ಡಬ್ಬಿಯನ್ನು ತೆಗೆದು ಕನ್ನಡಿಯ ಮುಂದೆ ಪೌಡರ್ ಡಬ್ಬಿಯ ಪಕ್ಕ ಇಟ್ಟರು. ‘ಫೋನ್ ಮಾಡು ಆಸ್ಪತ್ರೆಗೆ. ಇದ್ದದ್ದು ಇದ್ದ ಹಾಗೆ ಹೇಳು. ಬಲೂನು ಗಿಲೂನು ಬೇಡ.’

ಸಿಸ್ಟರ್ ಎರಡನೆಯ ರಿಂಗಿಗೇ ಎತ್ತಿಕೊಂಡರು. ಅತ್ತೆಗೆ ಕೇಳಲೆಂದು ಬೆಣ್ಣೆಕೈ ಸ್ಪೀಕರ್ ಹಾಕಿದ್ದ. ಹೇಳಿದ. ಎಂಟು ತಿಂಗಳು, ಶನಿವಾರ, ಭಾನುವಾರ, ಕೈ ನಡುಕ, ಕೆನ್ನೆ, ಮೋರಿ. ಹೆಗ್ಗಣದ ವಿಷಯ ನಾಲಿಗೆ ತುದಿಗೆ ಬಂದಿತ್ತು, ನುಂಗಿದ. ಆ ಕಡೆ ನಿಟ್ಟುಸಿರು ಕೇಳಿಸಿತು.

‘ಬೆಳಿಗ್ಗೆ ಎಂಟರದ್ದು ತಾನೆ? ಈಗ ತಗೊಳ್ಳಿ, ಒಂದೇ. ನಿನ್ನೇದು ಸೇರಿಸಿ ಎರಡು ತಗೋಬೇಡಿ. ರಾತ್ರಿದು ಮಾಮೂಲಿ ಟೈಮಿಗೆ. ಜ್ವರ, ಹೊಟ್ಟೆನೋವು, ಮೂತ್ರ ಕಮ್ಮಿ, ಏನಾದ್ರೂ ಇದೆಯಾ? ಇಲ್ಲ ತಾನೆ? ಬಂದ್ರೆ ನಾಳೆ ತನಕ ಕಾಯ್ಬೇಡಿ, ಈಗ್ಲೇ ಬನ್ನಿ. ಇಲ್ಲಾಂದ್ರೆ ನಾಳೆ ಏಳಕ್ಕೆ ರಕ್ತ ಕೊಡಿ, ಡಾಕ್ಟರು ನೋಡಿ ಮುಂದಿನದು ಹೇಳ್ತಾರೆ.’ ಆಮೇಲೆ, ‘ಕೈ ನಡುಗೋದನ್ನ ಯಾಕೆ ಹೇಳ್ಲಿಲ್ಲ ನೀವು? ಬೇಕಾದಷ್ಟು ಜನರಿಗೆ ಆಗುತ್ತೆ. ಡೋಸ್ ಹೊಂದಿಸ್ತಾರೆ, ಬೇರೆ ಥರದ್ದು ಕೊಟ್ಟು ನೋಡ್ತಾರೆ. ಕೇಳಿದ್ರೆ ಆಗ್ತಿತ್ತಲ್ಲ?’

‘ಕೇಳಿದ್ರೆ ಆಗ್ತಿತ್ತಾ?’

‘ಒಂದು ಮಾತು ಸಾಕಿತ್ತು. ನೀವು ಬಂದಾಗೆಲ್ಲ ನಗಿಸ್ತೀರಿ. ನಗ್ತಾ ಇದ್ರೆ ನಾವು ಏನಂತ ಕೇಳೋದು?’

ಅವನು ಫೋನಿಟ್ಟ. ಒಂದು ಮಾತು. ದಿನಕ್ಕೆ ಸಾವಿರಾರು ಮಾತು ಖರ್ಚು ಮಾಡುವವನ ಹತ್ತಿರ ಎಂಟು ತಿಂಗಳಲ್ಲಿ ಆ ಒಂದು ಹುಟ್ಟಿರಲಿಲ್ಲ. ಭಾನುವಾರದ ಮನೆಯ ಮುಚ್ಚಳ ತೆಗೆದರೆ ಬೆಳಿಗ್ಗೆಯ ಭಾಗ ಖಾಲಿಯಾಗಿತ್ತು. ಅತ್ತೆ ಎದ್ದು ಚೀಲದಲ್ಲಿದ್ದ ಮಾತ್ರೆಪಟ್ಟಿಯಿಂದ ಹೊಸದೊಂದನ್ನು ಬಿಡಿಸಿ ಕೊಟ್ಟರು. ಗುಮಾಸ್ತರು ತಾವಾಗಿಯೇ ನೀರಿನ ಬಾಟಲಿ ಎತ್ತಿಕೊಟ್ಟರು. ಅವನು ನುಂಗಿದ. ಯಾರೂ ಕೇಳದಿದ್ದರೂ ಬಾಯಿ ತೆರೆದು, ನಾಲಿಗೆ ಎತ್ತಿ, ಕೆನ್ನೆಯ ಹೊಂಡದಲ್ಲಿ ಬೆರಳಾಡಿಸಿ ತೋರಿಸಿದ. ಮೂವರೂ ಬಗ್ಗಿ ನೋಡಿದರು.

‘ಇನ್ನು ತೆಗೀಲಾ ಅತ್ತೆ?’ ಎಂದು ಕತ್ತಿ ಎತ್ತಿಕೊಂಡ.

‘ತಡಿ’ ಎಂದು ಅತ್ತೆ ಮತ್ತೆ ಕುರ್ಚಿಗೆ ಒರಗಿದರು. ‘ನಡುಗೋಕೆ ಶುರುವಾಗ್ಲಿ.’

ಕಾದರು. ಊರಿನ ಯಾವ ಕ್ಷೌರದಂಗಡಿಯಲ್ಲೂ ಅಂಥ ಒಂದು ಗಂಟೆ ಕಳೆದಿರಲಾರದು. ಅತ್ತೆ ಕುರ್ಚಿಯಲ್ಲಿ ಕೊರಳಿಗೆ ಬಿಳಿಬಟ್ಟೆ ಕಟ್ಟಿಕೊಂಡು ರಾಣಿಯ ಹಾಗೆ ಕೂತರು. ಗುಮಾಸ್ತರ ಬಲಗೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತು. ಡ್ರೈವರು ಒಂದು ಸಲವೂ ಹೊರಗೆ ಹೋಗಲಿಲ್ಲ. ಪರದೆ ಸರಿಸಿ ಇಣುಕಿದ ಗಿರಾಕಿಗಳು ಕುರ್ಚಿ ನೋಡಿ, ಬೋರ್ಡು ನೋಡಿ, ಮತ್ತೆ ಕುರ್ಚಿ ನೋಡಿ ಹಿಂದೆ ಸರಿದರು. ಬೆಣ್ಣೆಕೈ ತಡೆಯಲಾಗದೆ ಹೆಗ್ಗಣದ ಕತೆ ಹೇಳಿದ. ಅತ್ತೆ ಎಷ್ಟು ನಕ್ಕರೆಂದರೆ ಹೊಲಿಗೆ ಹಾಕಿದ ಜಾಗ ಹಿಡಿದುಕೊಂಡರು. ಅವರು ನಗುವುದನ್ನು ನೋಡುತ್ತಾ ಅವನಿಗೆ ಕಣ್ಣು ತುಂಬಿತು, ಯಾರೂ ಕೇಳದಿದ್ದರೂ ‘ಸೋಪು’ ಅಂದ.

ಹನ್ನೆರಡು ಹೊಡೆಯುವ ಮುಂಚೆ ಕಿರುಬೆರಳಿನಲ್ಲಿ ಶುರುವಾಯಿತು. ಕನ್ನಡಿಯಲ್ಲಿ ನೂರು ಬೆಣ್ಣೆಕೈಗಳೂ ನೋಡಿದರು.

‘ಹ್ಞಾಂ, ಬಂತು’ ಎಂದು ಅತ್ತೆ ಕತ್ತು ಚೆಲ್ಲಿ, ಗದ್ದ ಎತ್ತಿ, ಈ ಸಲ ಕಣ್ಣು ಮುಚ್ಚಿದರು. ‘ತೆಗಿ.’

ಕೈ ನಿಂತ ಬಸ್ಸಿನ ಕಿಟಕಿ ಗಾಜಿನ ಹಾಗೆ ನಡುಗುತ್ತಿತ್ತು. ಅವನು ಮಣಿಕಟ್ಟನ್ನು ಕುರ್ಚಿಯ ಒರಗಿಗೆ ಊರಿದ, ಉಸಿರು ಹಿಡಿದ, ಒಂದು ಕೂದಲು ತೆಗೆದ. ಎರಡು. ಮೂರನೆಯದಕ್ಕೆ ಕತ್ತಿ ಜಾರಿ, ಗದ್ದದ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ಎದ್ದಿತು. ಡ್ರೈವರು ‘ಅಯ್ಯಯ್ಯೋ’ ಅಂದರು. ಬೆಣ್ಣೆಕೈ ಕತ್ತಿ ಕೆಳಗಿಟ್ಟ.

‘ಏನು?’ ಕಣ್ಣು ತೆರೆಯದೆ ಅತ್ತೆ.

‘ರಕ್ತ ಬಂತು ಅತ್ತೆ.’

‘ಕಿಡ್ನಿ ತೆಗೆದಾಗ ಇದಕ್ಕಿಂತ ಜಾಸ್ತಿ ಬಂದಿತ್ತು. ಇನ್ನೊಂದು ಉಳಿದಿದೆ, ನಡಿ.’

ನಾಲ್ಕನೆಯದೂ ಬಂತು. ಪಟಿಕದ ತುಂಡನ್ನು ಒತ್ತಿ ರಕ್ತ ನಿಲ್ಲಿಸಿದ. ಅತ್ತೆ ಕನ್ನಡಿಗೆ ಮುಖ ಕೊಟ್ಟು, ಗದ್ದ ಆ ಕಡೆ ಈ ಕಡೆ ತಿರುಗಿಸಿ, ಹಿಂಗೈಯಿಂದ ಸವರಿ ನೋಡಿಕೊಂಡರು. ‘ಪರವಾಗಿಲ್ಲ. ನಾಳೆ ಆರಕ್ಕೆಲ್ಲ ಎದ್ದಿರು. ಏನು ಹೇಳ್ತಾರೋ ಇಬ್ರೂ ಕೂತು ಕೇಳೋಣ’ ಎಂದು ಇಳಿದು, ಬೆಂಚಿನ ಮೇಲೆ ಡ್ರೈವರ ಪಕ್ಕ ಹೋಗಿ ಕೂತರು.

ಕುರ್ಚಿ ಖಾಲಿಯಾಯಿತು. ಅರ್ಧ ಮುಖದ ಗುಮಾಸ್ತರು ಕುರ್ಚಿಯನ್ನೂ ಬೆಣ್ಣೆಕೈಯ ಕೈಯನ್ನೂ ನೋಡಿದರು. ಬೆಣ್ಣೆಕೈ ಬಾಯಿ ತೆರೆದ. ಚಳಿ ಎನ್ನಬಹುದಿತ್ತು, ನಿದ್ದೆಯಿಲ್ಲ ಎನ್ನಬಹುದಿತ್ತು, ಹತ್ತು ಕತೆ ಸಾಲಾಗಿ ಬಂದು ನಿಂತವು.

‘ಮಾತ್ರೆ ತಗೊಂಡಿದ್ದೀನಿ ಸಾರ್. ಕೈ ನಡುಗುತ್ತೆ. ಇನ್ನು ಮುಂದೆ ಭಾನುವಾರಾನೂ ನಡುಗುತ್ತೆ.’

ಗುಮಾಸ್ತರು ಬಲಗೆನ್ನೆ ಕೆರೆದುಕೊಂಡರು. ಒಣಗಿದ ನೊರೆ ಪುಡಿಪುಡಿಯಾಗಿ ಉದುರಿತು. ಅವರದು ಧೈರ್ಯದ ವಂಶವಲ್ಲ. ಕೊರಳಿನ ವಿಷಯದಲ್ಲಂತೂ ಅಲ್ಲವೇ ಅಲ್ಲ. ಟವೆಲು ತೆಗೆದುಕೊಂಡು ಮುಖ ಒರೆಸಿ, ಕನ್ನಡಿಯಲ್ಲಿ ನೋಡಿಕೊಂಡರು. ಒಂದು ಕಡೆ ಮದುಮಗ, ಒಂದು ಕಡೆ ಜೈಲಿನಿಂದ ತಪ್ಪಿಸಿಕೊಂಡು ಬಂದವನು.

‘ನಾಳೆ ಆಸ್ಪತ್ರೆಯಿಂದ ಎಷ್ಟೊತ್ತಿಗೆ ಬರ್ತೀಯಾ?’

‘ಗೊತ್ತಿಲ್ಲ ಸಾರ್. ಇಟ್ಕೊಂಡ್ರೂ ಇಟ್ಕೊಬಹುದು.’

‘ಯಾವತ್ತು ಬಿಡ್ತಾರೋ ಅವತ್ತು ಬಾ. ಅಲ್ಲೀತನಕ ಇದು ಹೀಗೇ ಇರ್ಲಿ’ ಎಂದು ಗುಮಾಸ್ತರು ಪರದೆ ಸರಿಸಿ, ತಲೆ ಎತ್ತಿಕೊಂಡು, ಭಾನುವಾರದ ತುಂಬಿದ ಬೀದಿಗೆ ಇಳಿದರು. ಎದುರಿನ ಸೈಕಲ್ ಅಂಗಡಿಯವನು ಕೈಯಲ್ಲಿದ್ದ ಪಂಪು ಬಿಟ್ಟು, ‘ಸಾರ್! ಏನಿದು ಮುಖ! ಯಾರು ಹೀಗೆ ಮಾಡಿದ್ದು?’ ಎಂದು ಕೂಗಿದ್ದು ಒಳಗಿದ್ದ ಮೂವರಿಗೂ ಕೇಳಿಸಿತು.

‘ನಮ್ಮ ಬೆಣ್ಣೆಕೈ’ ಎಂದರು ಗುಮಾಸ್ತರು. ‘ಇನ್ನೂ ಮುಗಿದಿಲ್ಲ ಕಣಯ್ಯಾ. ನಡೀತಾ ಇದೆ.’